ಟೀವಿ ಇದ್ದರೆ ಬಡವರಲ್ಲವಾ?

ಮನೆ ದುಡ್ಡಿನ ಮಾತು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಮೂರು ಒಂದೇ ಕಡೆ ಬಂದು ನಿಲ್ಲುತ್ತವೆ. ದುಡ್ಡಿಲ್ಲದವರು ದುಡ್ಡು ಖರ್ಚು ಮಾಡುವ ರೀತಿ ನೋಡಿ ಉಳಿದವರಿಗೆ ಬರುವ ಸಿಟ್ಟು, ಅನುಮಾನ, ಸಂಕಟ. ಕೋಲಾರ, ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮಹಿಳಾ ಸಂಘಗಳ ಲೆಕ್ಕದ ಪುಸ್ತಕ ಬರೆಯುತ್ತಲೇ ನನ್ನ ಸರ್ವಿಸ್ ಮುಗಿದಿದೆ. ಈ ವಿಷಯ ನನಗೆ ಹತ್ತಿರದ್ದು. ಉಳಿದ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವಕ್ಕೇ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ಅಕ್ಕಾ, ನಾನೂ ನಮ್ಮ ಯಜಮಾನರೂ ನಿವೃತ್ತ ಶಿಕ್ಷಕರು. ನಮ್ಮ ಮನೆ ಕೆಲಸಕ್ಕೆ ಆರು ವರ್ಷದಿಂದ ಒಬ್ಬ ಹೆಣ್ಣುಮಗಳು ಬರುತ್ತಾಳೆ. ನಾವು ತಿಂಗಳಿಗೆ 3,500 ಕೊಡುತ್ತೇವೆ. ಇನ್ನೂ ಎರಡು ಮನೆ ಮಾಡುತ್ತಾಳೆ, ಸೀಜನ್‌ನಲ್ಲಿ ಟೊಮೆಟೊ ಮಂಡಿಗೂ ಹೋಗುತ್ತಾಳೆ. ಗಂಡನದು ಗಾರೆ ಕೆಲಸ. ಮೊನ್ನೆ ಮಗನ ಕಾಲೇಜು ಫೀಸಿಗೆ 10,000 ಮುಂಗಡ ಕೇಳಿದಳು. ಅವಳ ಮನೆಗೆ ಹೋಗಿದ್ದಾಗ ನೋಡಿದೆ, ಗೋಡೆ ಮೇಲೆ ನಮ್ಮದಕ್ಕಿಂತ ದೊಡ್ಡ ಟೀವಿ. ಗಂಡ ಹೆಂಡತಿ ಇಬ್ಬರ ಹತ್ತಿರವೂ ಸ್ಮಾರ್ಟ್‌ಫೋನ್. ಹೋದ ವರ್ಷ ಮಗಳು ದೊಡ್ಡವಳಾದಾಗ ಇನ್ನೂರು ಜನಕ್ಕೆ ಊಟ ಹಾಕಿಸಿದ್ದರು. ಬಿಪಿಎಲ್ ಕಾರ್ಡ್ ಇದೆ, ಗೃಹಲಕ್ಷ್ಮಿ ದುಡ್ಡೂ ಬರುತ್ತೆ. 'ಇದು ಬಡತನ ಅಲ್ಲ, ದುಡ್ಡಿನ ಬೆಲೆ ಗೊತ್ತಿಲ್ಲದಿರುವುದು' ಅನ್ನುತ್ತಾರೆ ಯಜಮಾನರು. ನನಗೆ ಎರಡು ಮನಸ್ಸು. ಏನು ಮಾಡಲಿ?
– ಒಬ್ಬ ಓದುಗರು, ಕೋಲಾರ

ಉತ್ತರ: ಮೊದಲು ಮುಂಗಡದ ಮಾತು ಮುಗಿಸೋಣ. ಕೊಡಿ ತಾಯಿ. ತಿಂಗಳಿಗೆ 500ರಂತೆ ಸಂಬಳದಲ್ಲಿ ಹಿಡಿದುಕೊಳ್ಳಿ, ಇಪ್ಪತ್ತು ತಿಂಗಳಿಗೆ ತೀರುತ್ತೆ. ಒಂದು ಪುಸ್ತಕದಲ್ಲಿ ಬರೆದಿಡಿ, ಅವಳ ಕೈಗೂ ಒಂದು ಪ್ರತಿ ಕೊಡಿ. ಆರು ವರ್ಷ ಯಾರ ಕೈಗೆ ನಿಮ್ಮ ಅಡುಗೆಮನೆ ನಂಬಿ ಬಿಟ್ಟಿದ್ದೀರೋ ಅವಳಿಗೆ ಹತ್ತು ಸಾವಿರ ನಂಬಿ ಕೊಡಬಹುದು.

ಇನ್ನು ನಿಮ್ಮ ಯಜಮಾನರ ಮಾತು. ಆ ಟೀವಿ ಯಾವ ತಿಂಗಳಲ್ಲಿ ತಂದರು ಅಂತ ಅವಳನ್ನು ಒಂದು ಸಲ ಕೇಳಿ ನೋಡಿ. ನಾನು ಲೆಕ್ಕ ಬರೆದ ಮನೆಗಳಲ್ಲಿ ಟೀವಿ, ಬೀರು, ಮಿಕ್ಸಿ ಎಲ್ಲ ಬರುತ್ತಿದ್ದದ್ದು ಟೊಮೆಟೊ ಸೀಜನ್‌ನಲ್ಲಿ. ನಮ್ಮ ಎಪಿಎಂಸಿ ದೇಶದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಸೀಜನ್ ಬಂತೆಂದರೆ ಅಲ್ಲಿ ಕೈಗೆ ಬಿಡುವಿಲ್ಲ. ಕಾಯಿ ಬೇರೆ, ದೋರೆ ಬೇರೆ, ಹಣ್ಣು ಬೇರೆ ಆರಿಸಬೇಕು, ಒಡೆದದ್ದು ತೆಗೆಯಬೇಕು, ಹದಿನೈದು ಕೆ.ಜಿ. ಬಾಕ್ಸ್ ತುಂಬಬೇಕು. ಕೂಲಿ ದಿನಾ ಕೈಗೆ ಸಿಗುತ್ತೆ. ಆ ಕೆಲವು ತಿಂಗಳು ಮನೆಯಲ್ಲಿ ನಾಲ್ಕು ಕಾಸು ಓಡಾಡುತ್ತೆ. ಅಂಗಡಿಯವನು ಕಂತಿನ ಮೇಲೆ ಟೀವಿ ಕೊಡುವುದೂ ಅವಳ ಕೈಯಲ್ಲಿ ಆಗ ದುಡ್ಡು ಕಂಡಿದ್ದಕ್ಕೇ. ಆಮೇಲೆ ಮಂಡಿ ತಣ್ಣಗಾಗುತ್ತೆ, ಕಂತು ಉಳಿಯುತ್ತೆ. 2023ರ ಜುಲೈನಲ್ಲಿ ಟೊಮೆಟೊ ಬಾಕ್ಸ್ 2,000 ದಾಟಿದಾಗ ಟೀವಿ ಚಾನೆಲ್‌ಗಳೆಲ್ಲ ಕೋಲಾರಕ್ಕೆ ಬಂದವು. ಆರಿಸುವ ಹೆಂಗಸಿನ ಕೂಲಿ ಬಾಕ್ಸಿನ ರೇಟಿನ ಜೊತೆ ಏರುವುದಿಲ್ಲ, ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಗಂಡನ ಗಾರೆ ಕೆಲಸವೂ ಹಾಗೇ. ಮಳೆ ಹಿಡಿದರೆ ಕೂಲಿ ಇಲ್ಲ. ಆಷಾಢದಲ್ಲಿ, ಧನುರ್ಮಾಸದಲ್ಲಿ ಹೊಸ ಮನೆಗೆ ಪಾಯ ತೆಗೆಯುವವರು ಕಡಿಮೆ. ಸಿಮೆಂಟ್ ಬರಲಿಲ್ಲ, ಮನೆ ಯಜಮಾನರ ಲೋನ್ ಕಂತು ಬಿಡುಗಡೆ ಆಗಲಿಲ್ಲ, ಹೀಗೆ ಏನಾದರೊಂದು ಆಗಿ ಒಂದು ವಾರ ಕೆಲಸ ನಿಂತರೆ ಶನಿವಾರದ ಬಟವಾಡೆಯೂ ನಿಂತಿತು.

ನಿಮ್ಮ ಮನೆಗೂ ಅವಳ ಮನೆಗೂ ಇರುವ ದೊಡ್ಡ ವ್ಯತ್ಯಾಸ ಇದೇ. ನಿಮ್ಮಿಬ್ಬರ ಪಿಂಚಣಿ ತಿಂಗಳು ತಿಂಗಳು ಬಂದೇ ಬರುತ್ತೆ. ಹುಷಾರು ತಪ್ಪಿ ಮಲಗಿದರೂ ಬರುತ್ತೆ. ಅವಳಿಗೆ ದುಡ್ಡು ಎಷ್ಟು ಬರುತ್ತೆ ಅನ್ನುವುದಕ್ಕಿಂತ ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ ಅನ್ನುವುದೇ ಚಿಂತೆ. ನಾನು ಬಡತನ ಅನ್ನುವುದು ಇದಕ್ಕೆ. ಕೈ ಖಾಲಿಯಾಗುವ ದಿನ ಯಾವುದೋ ಗೊತ್ತಿಲ್ಲ, ಆ ದಿನ ಬಂದಾಗ ಒಂದು ತಿಂಗಳು ತಡೆದುಕೊಳ್ಳುವ ಶಕ್ತಿಯೂ ಇಲ್ಲ. ಮನೆಯೊಳಗೆ ಹೋಗಿ ಯಾವ ಯಾವ ಸಾಮಾನು ಇದೆ ಅಂತ ನೋಡಿದರೆ ಇದು ಕಾಣುವುದಿಲ್ಲ.

ಆ ಟೀವಿ ಈಗ ಮಾರಿದರೆ ಎಷ್ಟು ಬರಬಹುದು? ಹದಿನಾಲ್ಕು ಸಾವಿರದ ಟೀವಿ ಹಳೆಯದಾದ ಮೇಲೆ ನಾಲ್ಕೈದು ಸಾವಿರಕ್ಕೆ ಹೋದರೆ ಅದೇ ಜಾಸ್ತಿ. ಫೀಸಿನ ಅರ್ಧ ಹುಟ್ಟಿದರೆ ಹೆಚ್ಚು. ಅದೇ ಟೀವಿ ಮನೆಯಲ್ಲಿದ್ದರೆ ಮಕ್ಕಳು ಸಂಜೆ ಬೇರೆಯವರ ಮನೆ ಬಾಗಿಲಲ್ಲಿ ನಿಂತು ನೋಡುವುದು ತಪ್ಪುತ್ತೆ. ಮೂರು ಮನೆ ಪಾತ್ರೆ ತಿಕ್ಕಿ ಬಂದವಳು ಒಂದು ಗಂಟೆ ಕಾಲು ಚಾಚಿ ಕೂರುತ್ತಾಳೆ. ನಾವು ನಾಲ್ಕು ಜನ ಬೆಂಗಳೂರಿನ ಮಾಲ್‌ಗೆ ಹೋಗಿ ಸಿನಿಮಾ ನೋಡಿ ಊಟ ಮಾಡಿ ಬಂದರೆ ಆ ಟೀವಿಯ ಎರಡು ಕಂತಿನಷ್ಟು ಖರ್ಚಾಗುತ್ತೆ. ನಮ್ಮನ್ನು ಯಾರೂ ಲೆಕ್ಕ ಕೇಳುವುದಿಲ್ಲ ಅಲ್ವಾ?

ಫೋನ್ ಬಗ್ಗೆ ಶಿಕ್ಷಕರಾದ ನಿಮಗೆ ಹೆಚ್ಚು ಹೇಳಬೇಕಾಗಿಲ್ಲ. 2020ರಲ್ಲಿ ಶಾಲೆ ಮುಚ್ಚಿ ಪಾಠ ಫೋನಿಗೆ ಬಂದಾಗಲೇ ಎಷ್ಟೋ ಮನೆಗಳು ಓಲೆ ಗಿರವಿ ಇಟ್ಟು ಮೊದಲ ಸ್ಮಾರ್ಟ್‌ಫೋನ್ ತಂದದ್ದು. ಈಗ ಮೇಸ್ತ್ರಿ ನಾಳೆ ಎಲ್ಲಿ ಕೆಲಸ ಅಂತ ರಾತ್ರಿ ವಾಟ್ಸಾಪ್‌ನಲ್ಲಿ ಹಾಕುತ್ತಾರೆ. ಗ್ಯಾಸ್ ಬುಕಿಂಗ್, ಬ್ಯಾಂಕಿನ ಒಟಿಪಿ, ಕಾಲೇಜಿನ ನೋಟಿಸು ಎಲ್ಲ ಅದರಲ್ಲೇ. ಗಾರೆಯವನ ಕೈಯಲ್ಲಿ ಕರಣೆ ಇದ್ದ ಹಾಗೆ ಅದು.

ಖರ್ಚು ನೋಡಿ ಬಡತನ ಅಳೆಯುವುದು ನಿಮ್ಮ ಯಜಮಾನರೊಬ್ಬರ ಅಭ್ಯಾಸ ಏನಲ್ಲ. ಸರ್ಕಾರದ ಬಡತನ ರೇಖೆಯೂ ಖರ್ಚಿನದ್ದೇ. 1979ರಲ್ಲಿ ಹಳ್ಳಿಯವರಿಗೆ ದಿನಕ್ಕೆ 2,400 ಕ್ಯಾಲರಿ, ಪೇಟೆಯವರಿಗೆ 2,100 ಅಂತ ಇಟ್ಟುಕೊಂಡು, ಅಷ್ಟು ಆಹಾರ ಸಿಗುವ ಮಟ್ಟದ ಖರ್ಚೇ ರೇಖೆ ಅಂದರು. ಆಮೇಲೆ ಅರ್ಥಶಾಸ್ತ್ರಜ್ಞ ಸುರೇಶ್ ತೆಂಡೂಲ್ಕರ್ ಅವರ ಸಮಿತಿಯ ಲೆಕ್ಕ ಬಂತು. 2011–12ಕ್ಕೆ ಅದು ಒಬ್ಬರಿಗೆ ತಿಂಗಳಿಗೆ ಹಳ್ಳಿಯಲ್ಲಿ 816, ಪೇಟೆಯಲ್ಲಿ 1,000 ರೂಪಾಯಿ. 2011ರ ಸೆಪ್ಟೆಂಬರ್‌ನಲ್ಲಿ ಯೋಜನಾ ಆಯೋಗ ಸುಪ್ರೀಂ ಕೋರ್ಟಿಗೆ ದಿನಕ್ಕೆ ಪೇಟೆಯಲ್ಲಿ 32, ಹಳ್ಳಿಯಲ್ಲಿ 26 ರೂಪಾಯಿ ಅಂತ ಹೇಳಿ ದೇಶದ ತುಂಬ ಗಲಾಟೆ ಆದದ್ದು ನಿಮಗೂ ನೆನಪಿರಬಹುದು. 2014ರಲ್ಲಿ ರಂಗರಾಜನ್ ಸಮಿತಿ ತಿಂಗಳ ರೇಖೆಯನ್ನು ಹಳ್ಳಿಗೆ 972, ಪೇಟೆಗೆ 1,407ಕ್ಕೆ ಏರಿಸಿತು.

ನನಗೆ ಈ ರೇಖೆಯ ಮೇಲೆ ಇರುವ ತಕರಾರು ಮೊತ್ತದ್ದಲ್ಲ. ಮುಳಬಾಗಿಲು ಕಡೆಯ ಒಂದು ಮನೆಯ ಲೆಕ್ಕ ಹೇಳುತ್ತೇನೆ. ನಾಲ್ಕು ಜನರ ಸಂಸಾರ. ಗಂಡ ಸಾರ್ವೆಯಿಂದ ಬಿದ್ದು ಸೊಂಟ ಮುರಿದುಕೊಂಡರು. ಆಸ್ಪತ್ರೆ, ಸ್ಕ್ಯಾನಿಂಗ್, ಔಷಧಿ, ಕಾರು ಬಾಡಿಗೆ ಅಂತ ಅರವತ್ತು ಸಾವಿರದ ಹತ್ತಿರ ಹೋಯಿತು. ಎಲ್ಲ ಸಾಲ. ಆ ಕುಟುಂಬದ ಪುಸ್ತಕದಲ್ಲಿ ಅತಿ ಹೆಚ್ಚು ಖರ್ಚು ಕಾಣುವುದು ಆ ವರ್ಷವೇ. ಬರೀ ಖರ್ಚು ನೋಡುವವರಿಗೆ ಆ ವರ್ಷ ಅವರು ಮೇಲಕ್ಕೆ ಏರಿದ್ದಾರೆ. ನಿಜಕ್ಕೂ ಆ ವರ್ಷ ಅವರು ಹಸು ಮಾರಿದರು, ದೊಡ್ಡ ಹುಡುಗಿ ಓದು ಬಿಟ್ಟು ಗಾರ್ಮೆಂಟ್ಸ್‌ಗೆ ಹೋದಳು.

ಇನ್ನೊಂದು ಹಳೆಯ ಲೆಕ್ಕ ಇದೆ, ಇಂಗ್ಲೆಂಡಿನದು. ಯಾರ್ಕ್ ಊರಿನಲ್ಲಿ ಚಾಕೊಲೇಟ್ ಕಾರ್ಖಾನೆಯವರ ಮಗ ಸೀಬೋಮ್ ರೌನ್‌ಟ್ರೀ 1899ರಲ್ಲಿ ಕೂಲಿಕಾರರ ಮನೆ ಮನೆಗೆ ಜನ ಕಳಿಸಿ ಲೆಕ್ಕ ತೆಗೆಸಿದರು. ದೇಹಕ್ಕೆ ಬೇಕಾದಷ್ಟು ಮಾತ್ರ ಇಟ್ಟು ಒಂದು ರೇಖೆ ಎಳೆದರು. ಎಳೆದ ಮೇಲೆ ಅದರ ಮೇಲೆ ಬದುಕುವುದೆಂದರೆ ಏನು ಅಂತಲೂ ಬರೆದರು. ಆ ಸಂಸಾರ ರೈಲಿಗೆ ಒಂದು ಕಾಸು ಕೊಡುವ ಹಾಗಿಲ್ಲ. ಪೇಪರ್ ಕೊಳ್ಳುವ ಹಾಗಿಲ್ಲ. ದೂರದಲ್ಲಿರುವ ಮಕ್ಕಳಿಗೆ ಕಾಗದ ಬರೆಯುವ ಹಾಗಿಲ್ಲ, ಅಂಚೆಗೆ ದುಡ್ಡಿಲ್ಲ. ಮಕ್ಕಳಿಗೆ ಗೋಲಿ, ಗೊಂಬೆ, ಮಿಠಾಯಿ ಇಲ್ಲ. ಇದನ್ನು ಓದಿದಾಗಲೆಲ್ಲ ನಮ್ಮ ಸಂಘದ ಹೆಂಗಸರು ನೆನಪಾಗುತ್ತಾರೆ. ಹೀಗೆ ಬದುಕಿದರೆ ಮಾತ್ರ ಬಡವರು ಅಂತ ಒಪ್ಪುತ್ತೇವೆ ಅಂದರೆ, ನಾವು ಅವರಿಂದ ಕೇಳುತ್ತಿರುವುದು ಏನು?

ನಮ್ಮಲ್ಲಿ 2021ರ ಫೆಬ್ರವರಿಯಲ್ಲಿ ಆಗಿನ ಆಹಾರ ಸಚಿವರು ಟೀವಿ, ಫ್ರಿಜ್, ಬೈಕ್ ಇದ್ದವರು ಬಿಪಿಎಲ್ ಕಾರ್ಡ್ ವಾಪಸ್ ಕೊಡಬೇಕು ಅಂದಿದ್ದರು. ವಿರೋಧ ಬಂದು ಮಾತು ಹಿಂದೆ ಹೋಯಿತು. ಕಾರ್ಡಿಗೆ ನೋಡುವುದು ವರ್ಷದ ಆದಾಯ 1.20 ಲಕ್ಷದ ಒಳಗಿದೆಯಾ, ಸರ್ಕಾರಿ ನೌಕರಿ ಇದೆಯಾ, ತೆರಿಗೆ ಕಟ್ಟುತ್ತಾರಾ, ಸ್ವಂತಕ್ಕೆ ಕಾರು ಇದೆಯಾ ಇಂಥವನ್ನು. ಟೀವಿ ಇದೆ ಅಂತ ಅವಳ ಕಾರ್ಡಿನ ಬಗ್ಗೆ ಅನುಮಾನ ಬೇಡ.

ಈಗ ಇನ್ನೂರು ಜನರ ಊಟ. ಇದರ ಮೇಲೆ ನಿಮಗೆ ಜಾಸ್ತಿ ಸಿಟ್ಟಿದೆ ಅನಿಸುತ್ತೆ. ಅವಳ ಮನೆಯಲ್ಲಿ ಒಂದು ಮುಯ್ಯಿ ಪುಸ್ತಕ ಇದ್ದೇ ಇರುತ್ತೆ, ಕೇಳಿದರೆ ತೋರಿಸುತ್ತಾಳೆ. ನಾನು ನೋಡಿರುವ ಒಂದು ಪುಸ್ತಕ ಉದ್ದನೆಯ ರೂಲ್ಡ್ ನೋಟ್‌ಬುಕ್. ಮೊದಲ ಹಾಳೆಯ ಮೂಲೆಗೆ ಅರಿಶಿನ, ಮೇಲೆ ಮನೆದೇವರ ಹೆಸರು. ಕೆಳಗೆ ಸಾಲು ಸಾಲು: ಇಂಥ ಊರಿನ ಇಂಥವರು 101, ಸೋದರತ್ತೆ 501 ಮತ್ತು ಸೀರೆ, ಪಕ್ಕದ ಬೀದಿಯವರು 51, ಮೇಸ್ತ್ರಿ 200. ಎಷ್ಟೋ ಹೆಸರಿನ ಮುಂದೆ ಸಣ್ಣ ಟಿಕ್. ಟಿಕ್ ಇದ್ದರೆ ತೀರಿಸಿಯಾಗಿದೆ ಅಂತ. ಟಿಕ್ ಇಲ್ಲದ್ದು ಇನ್ನೂ ಕೊಡಬೇಕಾದದ್ದು. ಅವರ ಮನೆಯಲ್ಲಿ ಶುಭಕಾರ್ಯ ಬಂದಾಗ ಅಷ್ಟೋ, ಅದರ ಮೇಲೆ ಸ್ವಲ್ಪ ಸೇರಿಸಿಯೋ ವಾಪಸ್ ಹೋಗಬೇಕು. ಈ ಹೆಂಗಸು ವರ್ಷಗಟ್ಟಲೆ ಬೇರೆಯವರ ಮನೆಗೆ ಐವತ್ತು, ನೂರು ಅಂತ ಹಾಕಿರುತ್ತಾಳೆ. ಮಗಳ ಆರತಿ ದಿನ ಅದು ಒಟ್ಟಿಗೆ ಮನೆಗೆ ಬರುತ್ತೆ. ಊಟದ ಖರ್ಚು ನಿಮಗೆ ಕಂಡಿತು. ರಾತ್ರಿ ಹಾಸಿಗೆ ಮೇಲೆ ಕೂತು ಎಣಿಸಿದ ಮುಯ್ಯಿ ಕಾಣಲಿಲ್ಲ.

ದುಡ್ಡಿಗಿಂತ ಹೆಚ್ಚಿನದು ಇನ್ನೊಂದಿದೆ. ಆಗಲೇ ಹೇಳಿದ ಮುಳಬಾಗಿಲಿನ ಮನೆಗೆ ರಾತ್ರಿ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ಕಟ್ಟಲು ದುಡ್ಡು ಬೇಕಾಯಿತು. ಆ ಹೊತ್ತಿಗೆ ಯಾವ ಬ್ಯಾಂಕೂ ತೆಗೆದಿರಲಿಲ್ಲ. ಕೊಟ್ಟವರೆಲ್ಲ ಆ ಪುಸ್ತಕದಲ್ಲಿ ಹೆಸರಿದ್ದವರೇ. ಕರೆಯದೇ ಇದ್ದರೆ, ಹೋಗದೇ ಇದ್ದರೆ, ಎಲೆ ಹಾಕದೇ ಇದ್ದರೆ ಆ ಹೆಸರುಗಳು ಒಂದೊಂದಾಗಿ ಬಿಟ್ಟು ಹೋಗುತ್ತವೆ.

ನಾಲ್ಕು ಜನರ ಮುಂದೆ ತಲೆ ತಗ್ಗಿಸದೆ ನಿಲ್ಲುವುದಕ್ಕೆ ಆಗುವ ಖರ್ಚು ಅಗತ್ಯದ ಖರ್ಚೇ ಅಂತ ಅರ್ಥಶಾಸ್ತ್ರದ ದೊಡ್ಡವರೂ ಹೇಳಿದ್ದಾರೆ. ಆಡಂ ಸ್ಮಿತ್ 1776ರಲ್ಲೇ ಬರೆದರು. ಲಿನನ್ ಅಂಗಿ ಇಲ್ಲದೆಯೂ ಮನುಷ್ಯ ಬದುಕಬಹುದು, ಆದರೆ ತನ್ನ ಕಾಲದಲ್ಲಿ ಮರ್ಯಾದಸ್ಥ ಕೂಲಿಯವನು ಆ ಅಂಗಿಯಿಲ್ಲದೆ ಹೊರಗೆ ಬರಲು ನಾಚುತ್ತಾನೆ, ಆದ್ದರಿಂದ ಅದು ಜೀವನಾವಶ್ಯಕ ಅಂತ. ನಮ್ಮ ಕಡೆ ಮಗಳ ಆರತಿಗೆ ಬಂಧುಗಳಿಗೆ ಎಲೆ ಹಾಕುವುದೂ ಆ ಅಂಗಿಯ ಸಾಲಿಗೇ ಸೇರಿದ್ದು.

ಹಾಗಂತ ಎಲ್ಲವನ್ನೂ ಒಪ್ಪುತ್ತೇನೆ ಅಂದುಕೊಳ್ಳಬೇಡಿ. ನೂರಕ್ಕೆ ಹತ್ತು ರೂಪಾಯಿ ತಿಂಗಳ ಬಡ್ಡಿಗೆ ತಂದು ಶಾಮಿಯಾನ, ಡಿಜೆ, ಫ್ಲೆಕ್ಸ್ ಹಾಕಿಸಿದರೆ ನನಗೂ ಹೊಟ್ಟೆ ಉರಿಯುತ್ತೆ. ಸಂಘದ ಮೀಟಿಂಗ್‌ನಲ್ಲಿ ಎಷ್ಟೋ ಸಲ ಜಗಳ ಆಡಿದ್ದೇನೆ. ನೂರಕ್ಕೆ ಹತ್ತು ಅಂದರೆ ವರ್ಷಕ್ಕೆ ಅಸಲಿಗಿಂತ ಬಡ್ಡಿಯೇ ಜಾಸ್ತಿ. ಮೈಕ್ರೋಫೈನಾನ್ಸ್ ಸಾಲವನ್ನು ಇಂಥದ್ದಕ್ಕೆ ತಂದು ವಾರ ವಾರ ಕಂತಿಗೆ ಅಳುವುದನ್ನೂ ನೋಡಿದ್ದೇನೆ. ವಸೂಲಿಯ ಕಾಟ ಅತಿಯಾಗಿ 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸುಗ್ರೀವಾಜ್ಞೆ ತರಬೇಕಾಗಿ ಬಂತು. ಅವಳು ಊಟಕ್ಕೆ ದುಡ್ಡು ಎಲ್ಲಿಂದ ತಂದಳು ಅಂತ ಕೇಳಿ. ಆ ಸಾಲ ಇನ್ನೂ ಇದ್ದರೆ ಅದನ್ನು ಮೊದಲು ತೀರಿಸುವುದಕ್ಕೆ ದಾರಿ ಹುಡುಕಿ. ಇನ್ನೂರು ಜನ ಯಾಕೆ ಅಂತ ಕೇಳುವುದಕ್ಕಿಂತ ಈ ಪ್ರಶ್ನೆಯಿಂದ ಅವಳಿಗೆ ಉಪಯೋಗ ಆಗುತ್ತೆ.

'ದುಡ್ಡಿನ ಬೆಲೆ ಗೊತ್ತಿಲ್ಲ' ಅನ್ನುವ ಮಾತು ಮಾತ್ರ ನನಗೆ ನೋವಾಯಿತು. ದುಡ್ಡಿನ ಬೆಲೆ ಬಡವರಷ್ಟು ಚೆನ್ನಾಗಿ ಗೊತ್ತಿರುವವರು ಇಲ್ಲ, ಯಾಕೆಂದರೆ ಅವರು ಕೊಡುವ ಬೆಲೆ ನಮಗಿಂತ ಜಾಸ್ತಿ. ಬಸ್ ಸ್ಟ್ಯಾಂಡ್ ಹತ್ತಿರ ಸೊಪ್ಪು, ಹೂವು ಮಾರುವ ಎಷ್ಟೋ ಜನ ಬೆಳಿಗ್ಗೆ ಸಾಲ ತಂದು ಸಂಜೆ ತೀರಿಸುತ್ತಾರೆ. ಕೈಗೆ 900 ಬರುತ್ತೆ, ಸಂಜೆ 1,000 ಕೊಡಬೇಕು. ವರ್ಷದಲ್ಲಿ 300 ದಿನ ಹೀಗೆ ತಂದರೆ ಬಡ್ಡಿಯೇ 30,000. ಅಸಲು ಬರೀ 900! ಆ 900 ಸ್ವಂತದ್ದು ಇದ್ದಿದ್ದರೆ ಅವರ ಮಗನ ಫೀಸಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಬೀದಿ ವ್ಯಾಪಾರಿಗಳಿಗೆ 2020ರಲ್ಲಿ ಶುರುವಾದ ಪಿಎಂ ಸ್ವನಿಧಿ ಸಾಲ ಇದಕ್ಕೇ ಬಂದದ್ದು. ಸಿಕ್ಕವರಿಗೆ ಉಸಿರಾಡಲು ಜಾಗ ಆಯಿತು.

ಇನ್ನೊಂದು ಮಾತು, ಯಜಮಾನರಿಗೆ ಓದಿ ಹೇಳಿ. ತಮಿಳುನಾಡಿನ ವಿಳುಪುರಂ, ತಿರುವಣ್ಣಾಮಲೈ ಕಡೆ ಕಬ್ಬು ಬೆಳೆಯುವ 464 ರೈತರನ್ನು ಅರ್ಥಶಾಸ್ತ್ರಜ್ಞೆ ಆನಂದಿ ಮಣಿ ಮತ್ತು ಅವರ ಜೊತೆಗಾರರು ಪರೀಕ್ಷೆ ಮಾಡಿದರು. ಕಟಾವಿಗೆ ಮುಂಚೆ ಕೈ ಖಾಲಿ ಇದ್ದಾಗ ಒಂದು ಸಲ, ದುಡ್ಡು ಬಂದ ಮೇಲೆ ಇನ್ನೊಂದು ಸಲ. ಜನ ಅವರೇ, ಆದರೆ ಕೈ ಖಾಲಿ ಇದ್ದಾಗ ಯೋಚನೆಯ ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂತು. 2013ರಲ್ಲಿ ಇದು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾಯಿತು. ತಪ್ಪು ನಿರ್ಧಾರದಿಂದ ಬಡತನ ಬಂತು ಅಂತ ನಾವು ಹೇಳುತ್ತೇವೆ. ಬಡತನದ ಚಿಂತೆಯೇ ತಲೆಯನ್ನು ತುಂಬಿ ನಿರ್ಧಾರ ಕೆಡಿಸುತ್ತೆ ಅನ್ನುವುದಕ್ಕೆ ಸಂಘದ ಹೆಂಗಸರು ನನಗೆ ಮೊದಲೇ ಸಾಕ್ಷಿ ಕೊಟ್ಟಿದ್ದರು.

ನೀವು ಮಾಡಬಹುದಾದ ಎರಡು ಕೆಲಸ ಇವೆ. ಹುಡುಗ ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದಾನಾ ಕೇಳಿ. ಎಷ್ಟೋ ಮಕ್ಕಳ ಅರ್ಜಿ ಆಧಾರ್ ಹೆಸರು, ಬ್ಯಾಂಕ್ ಖಾತೆ ಹೊಂದದೆ ನಿಂತಿರುತ್ತೆ. ಶಿಕ್ಷಕರಾದ ನೀವು ಕೂತು ಅರ್ಧ ದಿನ ನೋಡಿದರೆ ಸರಿಹೋಗಬಹುದು. ಎರಡನೆಯದು, ಗಂಡನಿಗೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಲೇಬರ್ ಕಾರ್ಡ್ ಇದೆಯಾ? ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ದಾಖಲೆ ಕೊಟ್ಟರೆ ನೋಂದಣಿ ಆಗುತ್ತೆ. ನೋಂದಾಯಿತರ ಮಕ್ಕಳ ಓದಿಗೆ ಮಂಡಳಿಯ ಸಹಾಯಧನ ಇದೆ.

ಮತ್ತೆ, ಅವಳ ಸಂಬಳ ಹಿಂದಿನ ಸಲ ಏರಿಸಿದ್ದು ಯಾವಾಗ? ಮನೆಗೆಲಸದವರಿಗೂ ಕನಿಷ್ಠ ವೇತನ ಅಂತ ನಮ್ಮ ರಾಜ್ಯ 2004ರಲ್ಲೇ ಮಾಡಿದೆ. ಒಂದು ಸಲ ಇಬ್ಬರೂ ಕೂತು ನೋಡಿ.

ಪ್ರಶ್ನೆ: ನಾನು ನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಅಮ್ಮ ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೋಗುತ್ತಾರೆ. ತಿಂಗಳಿಗೆ 300 ರೂಪಾಯಿ ಹೊಸತೊಡಕಿನ ಮಾಂಸದ ಚೀಟಿಗೆ ಕಟ್ಟುತ್ತಾರೆ. ಅದನ್ನು ಪೋಸ್ಟ್ ಆಫೀಸ್ ಆರ್‌ಡಿಗೆ ಹಾಕಿ, ಬಡ್ಡಿಯಾದರೂ ಬರುತ್ತೆ ಅಂದರೆ ಕೇಳಲ್ಲ. ಬರೀ ಬಾಯಿ ಚಪಲಕ್ಕೆ ವರ್ಷವಿಡೀ ದುಡ್ಡು ಕಟ್ಟುವುದು ಸರಿಯಾ?
– ಒಬ್ಬ ಓದುಗ, ಶಿಡ್ಲಘಟ್ಟ

ಉತ್ತರ: ತಮ್ಮಾ, ಲೆಕ್ಕ ಹಾಕೋಣ. ತಿಂಗಳಿಗೆ 300, ವರ್ಷಕ್ಕೆ 3,600. ಶೇ. 6.7 ಬಡ್ಡಿಯ ಆರ್‌ಡಿಯಲ್ಲಿ ಮೊದಲ ವರ್ಷಕ್ಕೆ ನಿಮ್ಮಮ್ಮನಿಗೆ ಸುಮಾರು 130 ರೂಪಾಯಿ ಬಡ್ಡಿ ಸೇರುತ್ತೆ. ಆದರೆ ಪೋಸ್ಟ್ ಆಫೀಸ್ ಆರ್‌ಡಿ ಐದು ವರ್ಷದ್ದು. ಮೂರು ವರ್ಷಕ್ಕೆ ಮುಂಚೆ ಮುರಿಯುವ ಹಾಗಿಲ್ಲ. ಹನ್ನೆರಡು ಕಂತು ಕಟ್ಟಿದ ಮೇಲೆ ಕಟ್ಟಿದ್ದರಲ್ಲಿ ಅರ್ಧ ಸಾಲ ಸಿಗುತ್ತೆ, ಅದಕ್ಕೂ ಬಡ್ಡಿ. ಯುಗಾದಿಗೆ ದುಡ್ಡು ಬೇಕು ಅನ್ನುವವರಿಗೆ ಅದು ಹೊಂದುವುದಿಲ್ಲ. ಆರ್‌ಡಿ ಒಳ್ಳೆಯದೇ, ಬೇರೆ ಕೆಲಸಕ್ಕೆ. ತಿಂಗಳು ತಿಂಗಳು ಸಂಬಳ ಬರುವ ನೀನು ನಿನ್ನ ಹೆಸರಲ್ಲಿ ಇವತ್ತೇ ಒಂದು ಶುರು ಮಾಡು.

ಅಮ್ಮ ಕಟ್ಟುತ್ತಿರುವುದು ಬಾಯಿ ಚಪಲಕ್ಕಲ್ಲ. ಮನೆಯ ಡಬ್ಬಿಯಲ್ಲಿಟ್ಟ 300 ರೂಪಾಯಿ ತಿಂಗಳ ಕೊನೆಗೆ ಉಳಿಯುವುದಿಲ್ಲ ಅಂತ ಅವರಿಗೆ ಗೊತ್ತು. ಗ್ಯಾಸ್ ಮುಗಿಯುತ್ತೆ, ನೆಂಟರು ಬರುತ್ತಾರೆ, ನೀನೇ ಬಸ್ಸಿಗೆ ಕೇಳುತ್ತೀಯ. ಚೀಟಿಯವರ ಹತ್ತಿರ ಹೋದ ದುಡ್ಡಿಗೆ ಯಾರೂ ಕೈ ಹಾಕುವ ಹಾಗಿಲ್ಲ. ಮಟನ್ ಕೆ.ಜಿ.ಗೆ 800ರ ಮೇಲಿರುವಾಗ ಹಬ್ಬದ ದಿನ ಒಂದೇ ಏಟಿಗೆ ಮೂರೂವರೆ ಸಾವಿರ ಎಲ್ಲಿಂದ ತರುತ್ತಾರೆ? ತಂದರೆ ಬಡ್ಡಿಗೆ ತರಬೇಕು. ವರ್ಷವಿಡೀ ಕಟ್ಟಿದ್ದಕ್ಕೆ ಹೊಸತೊಡಕಿನ ಬೆಳಗಿನ ಜಾವ ಟಾರ್ಪಾಲಿನ ಮೇಲೆ ಗುಡ್ಡೆ ಗುಡ್ಡೆ ಹಾಕಿರುತ್ತಾರೆ. ಮೂಳೆ, ಮೆತ್ತನೆ ಮಾಂಸ, ಲಿವರ್, ಬೋಟಿ ಎಲ್ಲ ಗುಡ್ಡೆಗೂ ಸಮ ಬರಬೇಕು, ಇಲ್ಲದಿದ್ದರೆ ಅಲ್ಲೇ ಜಗಳ. ಜಮೀನಿದ್ದವರ ಗುಡ್ಡೆಯೂ ನಿಮ್ಮಮ್ಮನ ಗುಡ್ಡೆಯೂ ಒಂದೇ ತೂಕ. ವರ್ಷದಲ್ಲಿ ಒಂದು ದಿನ ಮಗಳು ಅಳಿಯನನ್ನು ಕರೆದು ಕೈ ಬಿಚ್ಚಿ ಬಡಿಸುವ ಸಂತೋಷಕ್ಕೆ ಅವರು ದಿನಕ್ಕೆ ಹತ್ತು ರೂಪಾಯಿ ತೆಗೆದಿಡುತ್ತಿದ್ದಾರೆ. ಬಿಸಿನೀರಿನಲ್ಲಿ ಬೆಂದ ಗೂಡಿನ ಎಳೆ ಹುಡುಕಿ ಹುಡುಕಿ ಅವರ ಬೆರಳು ಹೇಗಾಗಿದೆ ನೋಡಿದ್ದೀಯಾ?

ಒಂದು ವಿಷಯದಲ್ಲಿ ಮಾತ್ರ ಹುಷಾರಾಗಿರಲಿ. ದೇಶದಲ್ಲಿ 1982ರ ಚಿಟ್ ಫಂಡ್ ಕಾಯ್ದೆ ಇದೆ. ಬೀದಿಯ ಹಬ್ಬದ ಚೀಟಿಗಳು ಅದರ ಕೆಳಗೆ ನೋಂದಣಿ ಆಗಿರುವುದು ಅಪರೂಪ. ದುಡ್ಡು ತೆಗೆದುಕೊಂಡು ರಾತ್ರೋರಾತ್ರಿ ಊರು ಬಿಟ್ಟ ಚೀಟಿಯವರ ಕಥೆ ಪ್ರತಿ ಯುಗಾದಿ, ದೀಪಾವಳಿಗೆ ಕೇಳುತ್ತೇವೆ. ಆದ್ದರಿಂದ ಚೀಟಿ ನಡೆಸುವವರು ಅದೇ ಬೀದಿಯಲ್ಲಿ ಸ್ವಂತ ಮನೆ ಇರುವವರಾಗಿರಲಿ. ಕಟ್ಟಿದ ಪ್ರತಿ ತಿಂಗಳೂ ಪುಸ್ತಕದಲ್ಲಿ ಸಹಿ ಬೀಳಲಿ. ಚಿನ್ನ ಕೊಡುತ್ತೇವೆ, ಫ್ರಿಜ್ ಕೊಡುತ್ತೇವೆ ಅಂತ ಎರಡು ಮೂರು ವರ್ಷದ ಚೀಟಿಗೆ ಕರೆದರೆ ಬೇಡ ಅನ್ನಲಿ. 300ರ ಚೀಟಿ ಮುಳುಗಿದರೆ ಹಬ್ಬ ಹೋಗುತ್ತೆ. 3,000ದ ಚೀಟಿ ಮುಳುಗಿದರೆ ಮನೆಯೇ ಹೋಗುತ್ತೆ.

ಪ್ರಶ್ನೆ: ನೀವು ಯಾವಾಗಲೂ ಬಡವರ ಪರ ಬರೆಯುತ್ತೀರಿ. ನನ್ನ ತಮ್ಮ ತೆಂಗಿನಕಾಯಿ ಸುಲಿಯುವ ಕೆಲಸಕ್ಕೆ ಹೋಗುತ್ತಾನೆ, ಒಳ್ಳೆ ಕೂಲಿ. ಅರ್ಧ ಕುಡಿತಕ್ಕೆ ಹೋಗುತ್ತೆ. ಹೆಂಡತಿ ಮಕ್ಕಳು ನಮ್ಮ ಮನೆಗೆ ಅಕ್ಕಿ, ಬೇಳೆ ಕೇಳಲು ಬರುತ್ತಾರೆ. ಇದಕ್ಕೂ ಬಡತನ ಅನ್ನಬೇಕಾ?
– ಒಬ್ಬ ಓದುಗರು, ಗುಬ್ಬಿ ತಾಲ್ಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಕುಡಿತವನ್ನು ನಾನು ಯಾವತ್ತೂ ಸಮರ್ಥಿಸಲ್ಲ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಷೇಧ ಆದಾಗ ನಮ್ಮ ಸಂಘಗಳ ಹೆಂಗಸರು ಸಂತೋಷದಿಂದ ಅತ್ತಿದ್ದನ್ನು ನೋಡಿದ್ದೇನೆ. ಪ್ಯಾಕೆಟ್ ಹೋಗಿ ಸಣ್ಣ ಬಾಟಲಿ, ಟೆಟ್ರಾ ಪ್ಯಾಕ್ ಬಂತು, ಆ ಕಣ್ಣೀರಿಗೆ ಬೆಲೆ ಇಲ್ಲದೆ ಹೋಯಿತು.

ಮೇಲೆ ಹೇಳಿದ ರೌನ್‌ಟ್ರೀ ಯಾರ್ಕ್‌ನಲ್ಲಿ ಇಂಥ ಮನೆಗಳನ್ನೂ ಎಣಿಸಿದ್ದರು. ದುಡಿಮೆ ಸಾಲುವಷ್ಟಿದ್ದರೂ ಬೇರೆ ಕಡೆ ಸೋರಿಹೋಗಿ ಸಾಲದಾಗುವ ಮನೆಗಳನ್ನು ಎರಡನೆಯ ಬಗೆಯ ಬಡತನ ಅಂತ ಬೇರೆ ಪಟ್ಟಿ ಮಾಡಿದರು. ಊರಿನ ಬಡವರಲ್ಲಿ ಈ ಬಗೆಯವರೇ ಹೆಚ್ಚಿದ್ದರು. ಆ ಸೋರಿಕೆಗೆ ಕುಡಿತವೇ ದೊಡ್ಡ ಕಾರಣ ಅಂತ ಅವರು ಬರೆದರು. ಹದಗೆಟ್ಟ ವಾಸ, ಹದಗೆಟ್ಟ ಬದುಕಿನಿಂದಲೇ ಎಷ್ಟೋ ಸಲ ಕುಡಿತ ಹುಟ್ಟುತ್ತೆ ಅಂತಲೂ ಬರೆದರು. ಎರಡೂ ನಿಜ. ದಿನಕ್ಕೆ ಸಾವಿರ ಕಾಯಿ ಈಟಿಗೆ ಚುಚ್ಚಿ ಸುಲಿದ ಭುಜ ರಾತ್ರಿ ಏನು ಕೇಳುತ್ತೆ ಅನ್ನುವುದು ನಿಮ್ಮ ತಾಲ್ಲೂಕಿನವರಿಗೆ ನಾನು ಹೇಳಬೇಕಾ? ಅದು ಕ್ಷಮೆಗೆ ಕಾರಣ ಅಂತ ಹೇಳುತ್ತಿಲ್ಲ. ನೋವಿಗೆ ಔಷಧಿ ಕೊಡಿಸದೆ ಕುಡಿತ ಬಿಡಿಸಲು ಹೋದರೆ ನಿಲ್ಲುವುದಿಲ್ಲ ಅಂತ ಹೇಳುತ್ತಿದ್ದೇನೆ.

ನಿಮ್ಮ ಪ್ರಶ್ನೆಗೆ ನೇರ ಉತ್ತರ: ಹೌದು, ಆ ಮನೆಯಲ್ಲಿ ಬಡತನ ಇದೆ. ಹೆಂಡತಿ ಮಕ್ಕಳು ಬಡವರು, ಅವನ ಕೂಲಿ ಎಷ್ಟೇ ಇರಲಿ. ಒಂದು ಮನೆಗೆ ಬಂದ ದುಡ್ಡು ಮನೆಯವರಿಗೆಲ್ಲ ಸಮನಾಗಿ ಸಿಗುತ್ತೆ ಅಂತ ಸರ್ಕಾರದ ಸಮೀಕ್ಷೆ ಅಂದುಕೊಳ್ಳುತ್ತೆ. ನಿಮ್ಮ ಬಾಗಿಲಿಗೆ ಬರುವ ನಿಮ್ಮ ನಾದಿನಿಗೆ ಅದು ಹಾಗಲ್ಲ ಅಂತ ಗೊತ್ತು. ಅವರಿಗೆ ಅಕ್ಕಿ ಕೊಡುವಾಗ ನಿಮ್ಮ ತಮ್ಮನ ಮೇಲಿನ ಸಿಟ್ಟು ಮುಖದಲ್ಲಿ ತೋರಿಸಬೇಡಿ.

ಗೃಹಲಕ್ಷ್ಮಿಯ 2,000 ನಾದಿನಿಯ ಹೆಸರಿನ ಖಾತೆಗೇ ಬೀಳುತ್ತಿದೆಯಾ, ಎಟಿಎಂ ಕಾರ್ಡ್ ಯಾರ ಹತ್ತಿರ ಇದೆ ನೋಡಿ. ಕಾರ್ಡ್ ತಮ್ಮನ ಜೇಬಿನಲ್ಲಿದ್ದರೆ ಬ್ಯಾಂಕಿಗೆ ಅವರನ್ನು ಕರೆದುಕೊಂಡು ಹೋಗಿ ಪಿನ್ ಬದಲಾಯಿಸಿಕೊಡಿ. ಸುಲಿಯುವ ಕೂಲಿ ಕೊಡುವ ಮಂಡಿಯವರು ನಿಮಗೆ ಗೊತ್ತಿದ್ದರೆ, ವಾರದ ದುಡ್ಡಿನಲ್ಲಿ ಒಂದು ಭಾಗ ನಾದಿನಿಯ ಕೈಗೆ ಕೊಡಿ ಅಂತ ಕೇಳಿ. ಇಂಥದ್ದು ಮಾಡಿಕೊಡುವ ಮಂಡಿ ಸಾಹುಕಾರರನ್ನು ನಾನು ನೋಡಿದ್ದೇನೆ. ತಮ್ಮನನ್ನು ಬೆಳಿಗ್ಗೆ ಅಮಲು ಇಳಿಯದೆ ಎದ್ದ ಹೊತ್ತಿನಲ್ಲಿ ಅಲ್ಲ, ಪೂರ್ತಿ ತಿಳಿಯಾಗಿರುವಾಗ ಮಾತಾಡಿಸಿ. ವ್ಯಸನ ಬಿಡಿಸುವ ಸರ್ಕಾರಿ ಸಹಾಯವಾಣಿ 14446, ಕರೆ ಉಚಿತ. ಮಾನಸಿಕ ಆರೋಗ್ಯದ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ. ದಿನಾ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್ ಬಂದು ಜೀವಕ್ಕೇ ಅಪಾಯ ಆಗಬಹುದು. ಆದ್ದರಿಂದ ಆಣೆ ಪ್ರಮಾಣ ಮಾಡಿಸಿ ಮನೆಯಲ್ಲೇ ಕೂಡಿಹಾಕಬೇಡಿ. ಮೊದಲು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದುಕೊಂಡು ಹೋಗಿ, ಭುಜದ ನೋವನ್ನೂ ಅದೇ ದಿನ ತೋರಿಸಿ.